ಶಿವಬಸಪ್ಪನವರು ಕಂಡ ಫ್ರಾನ್ಸು

ನಮ್ಮ ಮಿಶಿಗನ್ನಿನಲ್ಲಿ ಎಡಕ್ಕೆ ಹೋಗಬೇಕಾದವನು ಮೊದಲು ಬಲಕ್ಕೆ ಹೋಗುತ್ತಾನೆ. ವೇದಾಂತ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಟ್ರಾಫಿಕ್ ರೂಲು ಹೇಳುತ್ತಿದ್ದೇನೆ. ದೊಡ್ಡ ರಸ್ತೆಗಳಲ್ಲಿ ಸಿಗ್ನಲ್ ಹತ್ತಿರ ನೇರವಾಗಿ ಎಡಕ್ಕೆ ತಿರುಗಲು ಬಿಡುವುದಿಲ್ಲ. ಬಲಕ್ಕೆ ಹೋಗಬೇಕು, ಸ್ವಲ್ಪ ಮುಂದೆ ಯೂ-ಟರ್ನ್ ಹೊಡೆಯಬೇಕು, ವಾಪಸ್ ಬಂದು ನೆಟ್ಟಗೆ ಹೋಗಬೇಕು. ಅದೇ ಎಡ. ಹೊರಗಿನವರು ಇದನ್ನು ಮಿಶಿಗನ್ ಲೆಫ್ಟ್ ಎಂದು ಕರೆದು ನಗುತ್ತಾರೆ. ನಮಗೆಲ್ಲ ಅಭ್ಯಾಸವಾಗಿಹೋಗಿದೆ. ಆದರೆ ನಮ್ಮ ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ಶಿವಬಸಪ್ಪನವರಿಗೆ ಆದಷ್ಟು ಯಾರಿಗೂ ಆಗಿಲ್ಲ. ಅವರು ಅದನ್ನು ಫ್ರಾನ್ಸ್ ದೇಶದ ನೆಲದಡಿಗೂ ತೆಗೆದುಕೊಂಡು ಹೋದರು.

ಶಿವಬಸಪ್ಪನವರು ಗದಗಿನವರು. ಲಿವೋನಿಯಾದಲ್ಲಿ ಕಾರಿನ ಸೀಟು ತಯಾರಿಸುವ ಒಂದು ಕಂಪನಿಯಲ್ಲಿ ಎಂಜಿನಿಯರು. ಸೀಟು ಹಿಂದಕ್ಕೂ ಮುಂದಕ್ಕೂ ಸರಿಯುತ್ತದಲ್ಲ, ಅದರ ಕೆಳಗಿನ ಕಂಬಿ ಇವರ ಖಾತೆ. ನಮ್ಮ ಊರಾದ ನೋವೈನಲ್ಲಿ ಮನೆ ಮಾಡಿ ಇಪ್ಪತ್ತು ವರ್ಷವಾಯಿತು, ಒಂದು ದಿನವೂ ರೈಲು ಹತ್ತಿಲ್ಲ. ಹತ್ತೋಣವೆಂದರೆ ಇಲ್ಲಿ ರೈಲೂ ಇಲ್ಲ. ಮನೆ ಮುಂದಿನ ಮೇಲ್‌ಬಾಕ್ಸಿಗೆ ನಡೆದುಹೋಗುವಾಗಲೂ ಕಾರಿನ ಕೀಲಿ ಕೈಯಲ್ಲಿ ಹಿಡಿದಿರುತ್ತಾರೆ, ಏನಕ್ಕೂ ಇರಲಿ ಎಂದು.

ಈ ಒಂದು ವಿಷಯಕ್ಕೆ ಅವರನ್ನು ಚುಚ್ಚಲೆಂದೇ ದೇವರು ಒಬ್ಬ ಭಾವಮೈದುನನನ್ನು ಕೊಟ್ಟಿದ್ದ. ಹೆಂಡತಿ ನೀಲಗಂಗಾ ಅವರ ತಮ್ಮ ಸ್ವರೂಪ. ಅರೋರಾದಲ್ಲಿ ಮನೆ, ಷಿಕಾಗೋದಲ್ಲಿ ಆಫೀಸು, ದಿನಾ ರೈಲಿನಲ್ಲಿ ಓಡಾಟ. ಬೇರೆಯವರು ಮಕ್ಕಳ ಬಗ್ಗೆ ಮಾತಾಡುವ ಹಾಗೆ ಇವನು ತನ್ನ ರೈಲಿನ ಬಗ್ಗೆ ಮಾತಾಡುತ್ತಾನೆ.

“ನಿಮ್ ಕಡೆ ಮಂದಿಗೆ ಟ್ರೇನ್ ಅಂದ್ರ ಏನಂತ ಗೊತ್ತಿಲ್ಲ ಬಿಡ್ರಿ ಮಾಮಾ,” ಎಂದು ಪ್ರತಿ ಹಬ್ಬಕ್ಕೂ ನೋವೈಗೆ ಬಂದು, ಹೋಳಿಗೆ ತಿನ್ನುತ್ತಾ ಹೇಳುತ್ತಾನೆ. “ನಮ್ ಕಂಡಕ್ಟರ್ ನನ್ನ ಹೆಸರ ಹಿಡದು ಕರೀತಾನ. ನಾ ಓಡಿ ಬರೂದ್ ಕಂಡ್ರ ಬಾಗ್ಲಾ ಹಿಡಕೊಂಡ್ ನಿಂದರ್ತಾನ.” ಇಷ್ಟು ಹೇಳಲು ಅವನು ಅರೋರಾದಿಂದ ನೋವೈವರೆಗೆ ಮುನ್ನೂರು ಮೈಲಿ ಕಾರಿನಲ್ಲಿ ಬಂದಿರುತ್ತಾನೆ.

ಹೀಗಿರುವಾಗ ಕಳೆದ ಏಪ್ರಿಲ್‌ನಲ್ಲಿ ಕಂಪನಿಯವರು ಶಿವಬಸಪ್ಪನವರನ್ನು ಒಂದು ವಾರಕ್ಕೆ ಫ್ರಾನ್ಸಿಗೆ ಕಳಿಸಿದರು. ಲಿಯೋನ್ ಎಂಬ ನಗರದ ಹೊರವಲಯದಲ್ಲಿ ಫ್ಯಾಕ್ಟರಿ, ಪಕ್ಕದಲ್ಲೇ ಹೋಟೆಲು, ಹೋಟೆಲಿನ ಬಾಗಿಲಿಗೇ ಮೆಟ್ರೋ. ಶನಿವಾರ ಒಂದು ದಿನ ಪೂರ್ತಿ ರಜೆ. ವಾಪಸ್ ಬಂದವರು ನೋವೈನಲ್ಲಿ ಇಳಿದ ದಿನದಿಂದ ಬೇರೆಯೇ ಮನುಷ್ಯರಾಗಿದ್ದರು. ಕಾಫಿಯನ್ನು ಸಣ್ಣ ಬಟ್ಟಲಿನಲ್ಲಿ ಕುಡಿಯತೊಡಗಿದರು. ಕುತ್ತಿಗೆಗೆ ಒಂದು ಮಫ್ಲರ್ ಬಂತು.

“ಏನ್ ಹೇಳ್ಲಿ ರಮೇಶ್,” ಎಂದರು ನನಗೆ, ಲಾನ್ ಮೂವರ್ ನಿಲ್ಲಿಸಿ. ಪಕ್ಕದ ಮನೆಯವನಾದ ಕಾರಣ ಇಂಥದ್ದನ್ನೆಲ್ಲ ಮೊದಲು ಕೇಳುವ ಕರ್ಮ ನನ್ನದು. “ಒಂದು ದೊಡ್ಡ ಹೊಳಿ. ಹೊಳಿ ದಂಡಿಗೆ ಕಾಫಿ ಅಂಗಡಿ, ಖುರ್ಚಿ ಎಲ್ಲಾ ರಸ್ತೆ ಕಡೆ ಮಾರಿ ಮಾಡಿ ಹಾಕ್ಯಾರ. ಆಚಿ ಕಡೆ ಗುಡ್ಡದ ಮ್ಯಾಲೆ ಗೋಪುರ, ಅದರಾಗ ಗಂಟಿ. ಮಂದಿ ಬಗಲಾಗ ಬ್ರೆಡ್ ಇಟಗೊಂಡು ಅಡ್ಡಾಡತಾರ. ಮತ್ತ ಅಲ್ಲಿ ಮೆಟ್ರೋ ಐತಲ್ಲ, ಅದು ನನಗ ಅಂಗೈ ಗೆರಿ ಇದ್ದಂಗ.”

ಈ ಕೊನೆಯ ವಾಕ್ಯ ಸ್ವರೂಪನ ಕಿವಿಗೆ ಬೀಳಲಿ ಎಂದೇ ಆಡಿದ್ದು. ಬಿತ್ತು ಕೂಡ. ಆದರೆ ಅದಕ್ಕೆ ಮೊದಲು ಇನ್ನೊಬ್ಬರ ಕಿವಿಗೆ ಬಿತ್ತು. ಅವರು ಶಾಂತವ್ವ, ನೀಲಗಂಗಾ ಮತ್ತು ಸ್ವರೂಪನ ತಾಯಿ. ಚಳಿಗಾಲವಿಡೀ ಮಗಳ ಮನೆಯಲ್ಲಿದ್ದು, ಜೂನ್‌ನಲ್ಲಿ ಮಗನ ಜೊತೆ ಹುಬ್ಬಳ್ಳಿಗೆ ಹೊರಡುವವರಿದ್ದರು. ಅಮೆರಿಕದಲ್ಲಿ ಅವರಿಗೆ ಯಾವುದೂ ಹಿಡಿಸಿರಲಿಲ್ಲ. ನಯಾಗರಾ ತೋರಿಸಿದರೆ, ನೀರು ಸುಮ್ಮನೆ ಪೋಲಾಗುತ್ತದೆ ಎಂದಿದ್ದರು. ಆದರೆ ಅಳಿಯ ಬಾಯಿತುಂಬ ವರ್ಣಿಸಿದ ಹೊಳೆ, ಗೋಪುರ, ರಸ್ತೆಗೆ ಮುಖ ಮಾಡಿದ ಕುರ್ಚಿ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು.

“ನಂಗೇನೂ ಬ್ಯಾಡ,” ಎಂದರು ಊಟದ ಹೊತ್ತಿನಲ್ಲಿ. ಆ ರಾತ್ರಿ ಅರೋರಾದಿಂದ ಬಂದಿದ್ದ ಸ್ವರೂಪನೂ, ನಾನೂ, ನನ್ನ ಹೆಂಡತಿ ನಿರುಪಮಾಳೂ ಅಲ್ಲೇ ಊಟಕ್ಕಿದ್ದೆವು. “ಊರಿಗೆ ಹೋಗೂ ಹಾದ್ಯಾಗ ಅದೊಂದ್ ನೋಡಿಬಿಡ್ತೀನಿ. ಆ ಖುರ್ಚಿ ಮ್ಯಾಲೆ ಕುಂತು ಒಂದು ಎಲಿ ಹಾಕ್ಕೋತೀನಿ. ಅಳಿಯಾರು ಕುಂತಾರ, ನಾ ಯಾಕ ಕುಂದರಬಾರ್ದು?”

ಶಿವಬಸಪ್ಪನವರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. “ದೂರ ಆಗ್ತೈತ್ರಿ ಅತ್ತಿ,” ಎಂದರು.

“ಏನ್ ದೂರ ಮಾಮಾ,” ಎಂದ ಸ್ವರೂಪ. “ಫ್ಲೈಟ್ ಹೆಂಗಿದ್ರೂ ಫ್ರಾನ್ಸ್ ಮ್ಯಾಲೇ ಹೊಕ್ಕೈತಿ. ಟ್ರೇನಿಂದ ನನಗ ಬಿಡ್ರಿ. ಹೋಟೆಲ್ ಯಾವ್ದು ಅಷ್ಟ ಹೇಳ್ರಿ.”

ಇಲ್ಲಿ ಶಿವಬಸಪ್ಪನವರು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಇರುತ್ತಿರಲಿಲ್ಲ. ಟ್ರೇನಿಂದ ನನಗೆ ಬಿಡಿ ಎಂಬ ಮಾತು ಅವರಿಗೆ ಚುರುಕ್ಕೆಂದಿತು. ತಾವು ಉಳಿದಿದ್ದ ಹೋಟೆಲಿನ ಹೆಸರನ್ನೇ ಹೇಳಿದರು. ಆಮೇಲೆ ಅತ್ತೆಯ ಕಡೆ ತಿರುಗಿ, ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಂಡು ಉಪದೇಶ ಶುರುಮಾಡಿದರು. “ಹೋಟೆಲಿಂದ ಹಳದಿ ಲೈನ್ ಹತ್ತಬೇಕ್ರಿ ಅತ್ತಿ. ನಡಕ ಒಂದು ದೊಡ್ಡ ಸ್ಟೇಷನ್ ಬರ್ತೈತಿ, ಎಲ್ಲಾ ನೆಲದ ಬುಡಕ. ಅಲ್ಲಿ ಹಳದಿ ಲೈನ್ ಬಿಟ್ಟು ನೀಲಿ ಲೈನ್ ಹಿಡೀಬೇಕು. ಹಂಗೇನರ ದಾರಿ ತಪ್ಪಿತು ಅನ್ರಿ, ಗಾಬರಿ ಆಗಬ್ಯಾಡ್ರಿ. ಎದುರಿನ ಟ್ರೇನ್ ಹತ್ರಿ, ಒಂದು ಸ್ಟಾಪ್ ಉಲ್ಟಾ ಹೋಗ್ರಿ, ತಿರುಗಿ ಬರ್ರಿ. ಎಲ್ಲಾ ಸರಿ ಆಗ್ತೈತಿ. ನಾ ಹಂಗ ಮಾಡೇ ಊರು ಮುಟ್ಟಿದ್ದು.”

“ಹಂಗೆಲ್ಲಾ ಯಾರೂ ಮಾಡೂದಿಲ್ಲ ಮಾಮಾ,” ಎಂದ ಸ್ವರೂಪ.

“ನೀ ಹೋಗಿದ್ದೇನಪಾ?” ಎಂದರು ಶಾಂತವ್ವ ಮಗನಿಗೆ. “ಅವರು ಹೋಗಿ ಬಂದಾರ.” ಅಲ್ಲಿಗೆ ಚರ್ಚೆ ಮುಗಿಯಿತು.

ಅಷ್ಟು ಸಾಲದು ಎಂಬಂತೆ ನಮ್ಮ ಕನ್ನಡ ಕೂಟದ ಅಧ್ಯಕ್ಷೆ ಭಾನು ಆಂಟಿ ಫೋನ್ ಮಾಡಿದರು. ಜೂನ್ ತಿಂಗಳ ಕಾರ್ಯಕ್ರಮಕ್ಕೆ ಬರಬೇಕಿದ್ದ ಭಾಷಣಕಾರರಿಗೆ ಸೊಂಟ ಹಿಡಿದಿತ್ತು. ಶಿವಬಸಪ್ಪನವರು ‘ನಾನು ಕಂಡ ಫ್ರಾನ್ಸ್’ ಎಂದು ಫೋಟೋ ತೋರಿಸಿ ಒಂದು ಗಂಟೆ ಮಾತಾಡಬೇಕು. ಫೋನ್ ಎತ್ತಿದ್ದು ನೀಲಗಂಗಾ. ಗಂಡನಿಗೆ ವೇದಿಕೆ ಸಿಗುತ್ತಿದೆ ಎಂಬ ಸಂತೋಷದಲ್ಲಿ ಅವರು ಆಗಲೇ ಒಪ್ಪಿಯಾಗಿತ್ತು. ಮಾರನೆಯ ದಿನ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಾ ಸಿಕ್ಕಸಿಕ್ಕವರಿಗೆ ಹೇಳಿಯೂ ಆಗಿತ್ತು. ಪಾಪ, ಆಕೆಗೆ ಇಪ್ಪತ್ತು ವರ್ಷದಲ್ಲಿ ಗಂಡನ ಬಗ್ಗೆ ಹೇಳಿಕೊಳ್ಳಲು ಸೀಟಿನ ಕಂಬಿಯನ್ನು ಬಿಟ್ಟು ಬೇರೆ ಏನೂ ಸಿಕ್ಕಿರಲಿಲ್ಲ.

ಸ್ಲೈಡು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಭಾಷಣದ ಹಿಂದಿನ ದಿನ ನಮ್ಮ ಬೇಸ್‌ಮೆಂಟಿನಲ್ಲಿ ಕೂತು ಅವರ ಫೋನಿನ ಫೋಟೋಗಳನ್ನು ನೋಡುತ್ತಾ ಹೋದೆ. ಕಿತ್ತಳೆ ಬಣ್ಣದ ಟೈಲ್ಸ್ ಗೋಡೆ. ಉದ್ದನೆಯ ಎಸ್ಕಲೇಟರ್. ಒಂದು ಬೆಂಚು. ಮತ್ತೆ ಟೈಲ್ಸ್ ಗೋಡೆ, ಈ ಸಲ ಓರೆಯಾಗಿ. ಹೊಳೆ ಇಲ್ಲ, ಗೋಪುರ ಇಲ್ಲ, ಆಕಾಶವೇ ಇಲ್ಲ. ಎಲ್ಲ ಫೋಟೋದ ಮೂಲೆಯಲ್ಲೂ ಪಾರದರ್ಶಕ ಪ್ಲಾಸ್ಟಿಕ್ ಚೀಲ ನೇತುಹಾಕಿದ ಒಂದೇ ಒಂದು ಕಸದ ಬುಟ್ಟಿ.

“ಶಿವಬಸಪ್ಪನವರೇ, ಈ ಬುಟ್ಟಿ ನಿಮ್ಮ ಜೊತೆ ಫ್ರಾನ್ಸ್ ಪೂರ್ತಿ ಸುತ್ತಿದೆಯಲ್ಲ,” ಎಂದೆ.

ಅವರು ಮಫ್ಲರ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಹೊರಬಿತ್ತು ನೋಡಿ. ಆ ಶನಿವಾರ ಇವರು ಹಳದಿ ಲೈನಿನಲ್ಲಿ ಆ ದೊಡ್ಡ ಸ್ಟೇಷನ್ನಿಗೆ ಬಂದಿಳಿದರು. ಇಳಿದವರೇ, ಪೆಟ್ರೋಲ್ ಹಾಕಿಸಿದ ರಸೀದಿ ಎಸೆಯುವ ಹಾಗೆ ಟಿಕೆಟನ್ನು ಬುಟ್ಟಿಗೆ ಎಸೆದರು. ನಾಲ್ಕು ಹೆಜ್ಜೆ ಮುಂದೆ ಹೋದರೆ, ನೀಲಿ ಲೈನಿಗೂ ಹೊರಗಿನ ಎಸ್ಕಲೇಟರಿಗೂ ಹೋಗುವ ಏಕೈಕ ದಾರಿಯಲ್ಲಿ ಯೂನಿಫಾರ್ಮ್ ಹಾಕಿದವರು ಸಾಲಾಗಿ ನಿಂತು ಒಬ್ಬೊಬ್ಬರ ಟಿಕೆಟ್ ನೋಡುತ್ತಿದ್ದಾರೆ. ಹೊಸ ಟಿಕೆಟ್ ಕೊಡುವ ಮಷೀನು ಅವರ ಬೆನ್ನ ಹಿಂದೆ.

“ಹೋಗಿ ಹೇಳಬಹುದಿತ್ತಲ್ಲ,” ಎಂದೆ.

“ಅಲ್ರೀ, ಮುಂದಿನ ತಿಂಗಳ ನನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಐತಿ ಡೆಟ್ರಾಯ್ಟ್‌ನಾಗ. ಯಾವಾಗರ ಯಾವ ದೇಶದಾಗರ ನಿಮ್ಮನ್ನ ಹಿಡಿದಿದ್ರೇನ್ ಅಂತ ಕೇಳ್ತಾರಂತ. ಹೌದ್ರಿ, ಫ್ರಾನ್ಸಿನಾಗ ಟಿಕೆಟ್ ಇಲ್ಲದ ಸಿಕ್ಕಿದ್ದೆ ಅಂತ ಹೇಳ್ಲ್ಯಾ?”

ಆದ್ದರಿಂದ ಅವರು ತಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಬಳಸಿದರು. ಎದುರಿನ ಟ್ರೇನ್ ಹತ್ತಿ ಒಂದು ಸ್ಟಾಪ್ ಉಲ್ಟಾ ಹೋಗಿ, ಯೂ-ಟರ್ನ್ ಹೊಡೆದು ವಾಪಸ್ ಬಂದರು. ಆ ಯೂನಿಫಾರ್ಮಿನವರು ಅಲ್ಲೇ ಇದ್ದರು. ಮತ್ತೆ ಹೋದರು, ಮತ್ತೆ ಬಂದರು. ಹಿಂದಿನ ಸ್ಟಾಪಿನಲ್ಲೇ ಹೊರಗೆ ಹೋಗಿ ಹೊಸ ಟಿಕೆಟ್ ಕೊಳ್ಳಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ನಡುನಡುವೆ ಫೋಟೋ ತೆಗೆಯುವ ನೆಪದಲ್ಲಿ ಬುಟ್ಟಿಯ ಹತ್ತಿರ ಸುಳಿದಾಡಿದರು. ಚೀಲದೊಳಗೆ ಟಿಕೆಟ್ ಕಾಣುತ್ತಿತ್ತು, ಕೈ ಹಾಕಲು ಮಾನ ಅಡ್ಡ ಬರುತ್ತಿತ್ತು. ಸಂಜೆ ಹೋಟೆಲಿನ ಸ್ಟಾಪಿಗೆ ವಾಪಸ್ ಹೋಗಿ ಮಲಗಿದರು. ಹೊಳೆ, ಗೋಪುರ, ಕುರ್ಚಿ ಎಲ್ಲ ಆ ಬೆಂಚಿನ ಎದುರು ಗೋಡೆಗೆ ಅಂಟಿಸಿದ್ದ ಪ್ರವಾಸೋದ್ಯಮದ ಪೋಸ್ಟರು.

“ನೀಲಾಗ ಹೇಳಬ್ಯಾಡ್ರಿ,” ಎಂದರು. “ಅಕಿ ಊರ ತುಂಬಾ ಹೇಳ್ಯಾಳ.”

ನಾನು ಹೇಳಲಿಲ್ಲ. ಫೋಟೋಗಳಿಂದ ಬುಟ್ಟಿಯನ್ನು ಒಂದೊಂದಾಗಿ ಕತ್ತರಿಸಿ ಹಾಕಿದೆ. ಕೊನೆಯ ಒಂದು ಫೋಟೋ ಉಳಿಯಿತು, ಅದರಲ್ಲಿ ಬುಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಲೈಬ್ರರಿಯ ಮೀಟಿಂಗ್ ರೂಮು ತುಂಬಿತ್ತು. ಶಾಂತವ್ವ, ಸ್ವರೂಪ ಎರಡು ದಿನದ ಹಿಂದೆಯೇ ಲಿಯೋನ್ ದಾರಿಯಾಗಿ ಊರಿಗೆ ಹೊರಟಿದ್ದರು. ಉಪ್ಪಿಟ್ಟು, ಕೇಸರಿಬಾತ್ ಆದ ಮೇಲೆ ಶಿವಬಸಪ್ಪನವರು ಮಫ್ಲರ್ ಸಮೇತ ಎದ್ದು ನಿಂತರು. ಅವರ ಫೋನನ್ನೇ ಪ್ರೊಜೆಕ್ಟರಿಗೆ ಜೋಡಿಸಿ ಸ್ಲೈಡು ತಳ್ಳುತ್ತಾ ನಾನು ಪಕ್ಕದಲ್ಲಿ ಕೂತಿದ್ದೆ. ಮುಂದಿನ ಸಾಲಿನಲ್ಲಿ ನೀಲಗಂಗಾ, ಇಳಕಲ್ ಸೀರೆಯಲ್ಲಿ. ಪಕ್ಕದಲ್ಲಿ ಮಗಳು ಐಶ್ವರ್ಯ, ಕಾಲೇಜು ಓದುವವಳು, ತಂದೆಯ ಭಾಷಣಕ್ಕೆ ಬಲವಂತಕ್ಕೆ ಬಂದವಳ ಮುಖ ಮಾಡಿಕೊಂಡು.

“ಇದು ಅಲ್ಲಿಯ ಪ್ರಸಿದ್ಧ ಕಲಾ ಗ್ಯಾಲರಿ,” ಎಂದರು ಶಿವಬಸಪ್ಪನವರು, ಟೈಲ್ಸ್ ಗೋಡೆಗೆ ಲೇಸರ್ ಬಿಟ್ಟು. “ಫ್ರೆಂಚರು ಕಿತ್ತಳೆ ಬಣ್ಣಾನ ದುಃಖದ ಬಣ್ಣ ಅಂತಾರ.” ಭಾನು ಆಂಟಿ ಬರೆದುಕೊಂಡರು. ಓರೆ ಗೋಡೆ ಬಂದಾಗ, “ಇದು ಅದೇ ಕಲಾವಿದನ ಮುಪ್ಪಿನ ಕಾಲದ್ದು,” ಎಂದರು. ಎಸ್ಕಲೇಟರ್ ಬಂತು. “ಇದು ಅರಮನಿಗೆ ಹೋಗೂ ದಾರಿ.” ಯಾರೋ ನಿಟ್ಟುಸಿರು ಬಿಟ್ಟರು. ಮನುಷ್ಯ ಒಂದು ಸುಳ್ಳು ದಕ್ಕಿಸಿಕೊಂಡರೆ ಎಷ್ಟು ಸಲೀಸಾಗಿ ಮುಂದಕ್ಕೆ ಹೋಗುತ್ತಾನೆ ಎಂದು ನನಗೇ ಆಶ್ಚರ್ಯವಾಯಿತು.

ಅಷ್ಟರಲ್ಲಿ ಫೋನು ಕುಂಯ್‌ಗುಟ್ಟಿತು. ‘ಅತ್ತಿ’ ಎಂಬ ಹೆಸರು ಗೋಡೆಯಷ್ಟು ದೊಡ್ಡದಾಗಿ ಪರದೆಯ ಮೇಲೆ ಬಂತು. ಕಟ್ ಮಾಡಲು ಹೋಗಿ ನಾನು ಹಸಿರು ಗುಂಡಿ ಒತ್ತಿದೆ. ಪರದೆಯ ತುಂಬ ಒಂದು ಕಿವಿ ಕಾಣಿಸಿತು, ಕಿವಿಯಲ್ಲಿ ಮುತ್ತಿನ ಬೆಂಡೋಲೆ. ಶಾಂತವ್ವ ವಿಡಿಯೋ ಕಾಲನ್ನೂ ಕಿವಿಗೆ ಇಟ್ಟುಕೊಂಡೇ ಮಾತಾಡುವವರು.

“ಅಳಿಯಾರ, ನಾ ಇಲ್ಲೆ ನಿಮ್ಮ ದೊಡ್ಡ ಸ್ಟೇಷನ್‌ನಾಗ ಅದೀನ್ರಿ,” ಎಂದಿತು ಧ್ವನಿ. “ನಿಮ್ಮ ಸ್ವರೂಪ ಟ್ರೇನ್‌ನಾಗ ಹೋಗಿಬಿಟ್ಟ.”

“ಯವ್ವಾ, ಏನಾತು?” ಎಂದು ನೀಲಗಂಗಾ ಎದ್ದರು.

“ಏನಿಲ್ಲ. ಇಬ್ರೂ ಇಳದ್ವಿ. ಇದಲ್ಲ ಸ್ಟೇಷನ್ನು, ನಂಗ ಟ್ರೇನ್ ಗೊತ್ತೈತಿ ಅಂತ ತಿರುಗಿ ಹತ್ತಿದ. ಬುತ್ತಿ ಚೀಲಾ ಅವನ ಕೈಯಾಗ. ನಾ ಕಾಲೆತ್ತಿ ಇಡೂದ್ರಾಗ ಬಾಗ್ಲಾ ಮುಚ್ಚೇಬಿಟ್ವು. ಕಂಡಕ್ಟರ್ ಕಂಡಕ್ಟರ್ ಅಂತ ಗಾಜು ಬಡಿಯಾಕತ್ತಿದ್ದ ಹುಡುಗ. ಈ ಟ್ರೇನಿಗೆ ಡ್ರೈವರ್ರೇ ಇಲ್ಲ, ಕಂಡಕ್ಟರ್ ಎಲ್ಲಿಂದ ಬರಬೇಕು?”

ಸ್ವರೂಪನ ಫೋನಿಗೆ ಮಾಡಿದರೆ ಆಫ್ ಆಗಿದೆ ಎಂದು ಬಂತು. ವೈ-ಫೈ ಸಿಗದ ಕಡೆ ಅವನ ಫೋನು ಇಟ್ಟಿಗೆಗೆ ಸಮ. ಶಾಂತವ್ವನ ಫೋನಿಗೆ ಮಾತ್ರ ಶಿವಬಸಪ್ಪನವರು ಮುನ್ನೆಚ್ಚರಿಕೆಯಿಂದ ಹೊರದೇಶದ ಕನೆಕ್ಷನ್ ಹಾಕಿಸಿದ್ದರು. ಆ ಹೆಂಗಸಿಗೆ ಫ್ರೆಂಚ್ ಬರುವುದಿಲ್ಲ, ಇಂಗ್ಲಿಷ್ ಬರುವುದಿಲ್ಲ, ಧಾರವಾಡದ ಕನ್ನಡ ನಮ್ಮ ಮೈಸೂರಿನವರಿಗೇ ಪೂರ್ತಿ ಬರುವುದಿಲ್ಲ. ರೂಮಿನಲ್ಲಿ ಗದ್ದಲ ಶುರುವಾಯಿತು. ಒಬ್ಬೊಬ್ಬರೂ ಒಂದೊಂದು ಬುದ್ಧಿ ಹೇಳಿದರು. ಎಂಬೆಸಿಗೆ ಮಾಡಿ, ಗೂಗಲ್ ನೋಡಿ, ಬಾಲಾಜಿ ದೇವಸ್ಥಾನದ ಭಟ್ಟರಿಗೆ ಒಂದು ಮಾತು ತಿಳಿಸಿ. ಹಿಂದಿನ ಸಾಲಿನ ನಂದನ್ ಯಾರನ್ನೂ ಕೇಳದೆ ನೈನ್ ಒನ್ ಒನ್ ಒತ್ತಿಬಿಟ್ಟಿದ್ದ.

“ಅಡ್ರೆಸ್ ಕೇಳ್ತಾ ಇದಾರೆ,” ಎಂದ.

“ಫ್ರಾನ್ಸ್ ಅನ್ನು.”

“ಫ್ರಾನ್ಸ್ ಅಂದೆ. ಪೊಲೀಸ್ ಬೇಕಾ, ಫೈರ್ ಬೇಕಾ, ಆಂಬ್ಯುಲೆನ್ಸ್ ಬೇಕಾ ಅಂತಿದಾರೆ.”

“ಟ್ರೇನ್ ಬೇಕು ಅನ್ನು,” ಎಂದರು ಭಾನು ಆಂಟಿ. ಆ ಕಡೆಯವರು ಬಹಳ ಮರ್ಯಾದೆಯಿಂದ ಫೋನ್ ಇಟ್ಟರು. ಗಲಾಟೆ ಕೇಳಿ ಲೈಬ್ರರಿಯ ಹುಡುಗಿ ಬಂದಳು. ಸ್ವಲ್ಪ ಮೆಲ್ಲಗೆ ಮಾತಾಡಿ ಎಂದು ಹೇಳಲು ಬಂದವಳು, ಪರದೆ ನೋಡಿ, ಉಪ್ಪಿಟ್ಟಿನ ತಟ್ಟೆ ಕೈಗೆ ಬಂದ ಮೇಲೆ ಅಲ್ಲೇ ಕೂತಳು.

ಈ ನಡುವೆ ಶಾಂತವ್ವನ ಬೆರಳು ಯಾವುದೋ ಗುಂಡಿಗೆ ತಾಗಿ ಫೋನಿನ ಹಿಂದಿನ ಕ್ಯಾಮೆರಾ ಶುರುವಾಯಿತು. ಕಿವಿ ಮಾಯವಾಗಿ ಪ್ಲಾಟ್‌ಫಾರ್ಮ್ ಕಾಣಿಸಿತು. ಕಿತ್ತಳೆ ಟೈಲ್ಸ್ ಗೋಡೆ. ಉದ್ದನೆಯ ಎಸ್ಕಲೇಟರ್. ಅದರ ಪಕ್ಕದ ಬೆಂಚಿನ ಮೇಲೆ ಒಬ್ಬ ಮುದುಕ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಭಾನು ಆಂಟಿ ತಾವು ಬರೆದುಕೊಂಡಿದ್ದನ್ನು ಒಮ್ಮೆ, ಪರದೆಯನ್ನು ಒಮ್ಮೆ ನೋಡಿದರು.

“ವೇಟ್,” ಎಂದಳು ಐಶ್ವರ್ಯ. “ಈಸ್ ದಟ್ ದಿ ಆರ್ಟ್ ಗ್ಯಾಲರಿ?”

ಪರದೆಯ ಮೇಲೆ ಆಗಲೇ ಬೇರೆ ನಡೆಯುತ್ತಿತ್ತು. ಎದುರಿನ ಪ್ಲಾಟ್‌ಫಾರ್ಮಿಗೆ ಟ್ರೇನ್ ಬಂದು, ಅದರಿಂದ ಬುತ್ತಿ ಚೀಲ ಎದೆಗವುಚಿಕೊಂಡ ಸ್ವರೂಪ ಇಳಿದ. ನಮಗೆಲ್ಲ ಕಾಣುತ್ತಿದೆ, ಶಾಂತವ್ವನಿಗೆ ಕಾಣುತ್ತಿಲ್ಲ. ಕ್ಯಾಮೆರಾ ನೋಡುತ್ತಿದ್ದದ್ದು ಕಿವಿಯ ಪಕ್ಕಕ್ಕೆ, ಕಣ್ಣಿದ್ದದ್ದು ಮುಂದಕ್ಕೆ. “ಬಲಕ್ಕೆ ನೋಡಿ ಅಮ್ಮ,” ಎಂದು ಇಡೀ ಕನ್ನಡ ಕೂಟ ಒಟ್ಟಿಗೆ ಕೂಗಿತು.

“ಒಬ್ಬೊಬ್ರ ಮಾತಾಡ್ರೆಪಾ, ಏನೂ ಕೇಳವಲ್ದು,” ಎಂದರು ಶಾಂತವ್ವ. “ಟ್ರೇನ್ ಬಂತು ನೋಡ್ರಿ. ಅಳಿಯಾರು ಹೇಳಿದಂಗ ಒಂದು ಸ್ಟಾಪ್ ಉಲ್ಟಾ ಹೋಗಿ ಬರ್ತೀನಿ.” ಹತ್ತಿಯೇಬಿಟ್ಟರು. ಟ್ರೇನಿನ ಕಿಟಕಿಯಿಂದ ಸ್ವರೂಪನ ಬಾಯಿ ತೆರೆದುಕೊಂಡದ್ದು ನಮಗೆ ಸ್ಪಷ್ಟವಾಗಿ ಕಾಣಿಸಿತು. ಅವನು ತಾಯಿಯನ್ನು ಬೆನ್ನಟ್ಟಲು ಮೇಲಿನ ಸೇತುವೆ ದಾಟಿ ಓಡಿ ಬಂದು ಮುಂದಿನ ಟ್ರೇನ್ ಹತ್ತುವ ಹೊತ್ತಿಗೆ ಶಾಂತವ್ವ ಯೂ-ಟರ್ನ್ ಹೊಡೆದು ವಾಪಸ್ ಹೊರಟಿದ್ದರು. ನಡುದಾರಿಯಲ್ಲಿ ಎರಡು ಟ್ರೇನುಗಳು ಒಂದನ್ನೊಂದು ದಾಟಿದವು. ಗಾಜಿಗೆ ಒತ್ತಿಕೊಂಡ ಸ್ವರೂಪನ ಮುಖ ಪರದೆಯ ಮೇಲೆ ಒಂದು ಕ್ಷಣ ಹಾದುಹೋಯಿತು. ರೂಮಿನಲ್ಲಿ ಎಲ್ಲರೂ ತಲೆಯ ಮೇಲೆ ಕೈ ಇಟ್ಟುಕೊಂಡರು. ಶಾಂತವ್ವ ಮತ್ತೆ ಆ ದೊಡ್ಡ ಸ್ಟೇಷನ್ನಿನಲ್ಲೇ ಬಂದಿಳಿದರು.

“ಅವ್ವಾ, ಅಲ್ಲೇ ನಿಂದರು. ಇನ್ನ ಯಾವ ಟ್ರೇನೂ ಹತ್ತಬ್ಯಾಡ,” ಎಂದರು ನೀಲಗಂಗಾ, ಅಳು ತಡೆದುಕೊಂಡು.

“ಸುಮ್ಮನಿರ ನೀಲಾ. ನಿಂಗೇನ್ ಗೊತ್ತೈತಿ? ನಿನ್ ಗಂಡ ಹಿಂಗ ಮಾಡೇ ಊರು ಮುಟ್ಯಾರ. ಇನ್ನೊಂದೆರಡು ಸಲ ಸುತ್ತಿದ್ರ ಹೊಳಿ ಬಂದೇ ಬರ್ತೈತಿ.” ಹಿಂದೆ ಇನ್ನೊಂದು ಟ್ರೇನ್ ಬರುವ ಸದ್ದು ಕೇಳಿಸಿತು. ಶಾಂತವ್ವನ ಫೋನಿನ ಬ್ಯಾಟರಿ ಮುಗಿಯುತ್ತಾ ಬಂತೆಂದು ಪರದೆಯ ಮೂಲೆಯಲ್ಲಿ ಕೆಂಪು ಗುರುತು ಮಿನುಗಿತು.

ಶಿವಬಸಪ್ಪನವರು ಅಷ್ಟೂ ಹೊತ್ತು ಲೇಸರ್ ಹಿಡಿದು ಕಂಬದ ಹಾಗೆ ನಿಂತಿದ್ದರು. ಕೆಂಪು ಚುಕ್ಕೆ ಚಾವಣಿಗೆ ಅಂಟಿಕೊಂಡಿತ್ತು. ಅವರು ಒಮ್ಮೆ ಹೆಂಡತಿಯ ಮುಖ ನೋಡಿದರು, ಆಮೇಲೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

“ಅತ್ತಿ, ಹತ್ತಬ್ಯಾಡ್ರಿ,” ಎಂದರು. “ಹಂಗ ಸುತ್ತಿದ್ರ ಎಲ್ಲೂ ಮುಟ್ಟೂದಿಲ್ಲ. ನಾನೂ ಮುಟ್ಟಿಲ್ರಿ. ಇಡೀ ದಿನಾ ಸುತ್ತಿ ಅಲ್ಲೇ ಇದ್ದೆ. ನಾ ಆ ಸ್ಟೇಷನ್ ಬಿಟ್ಟು ಮ್ಯಾಲೆ ಬಂದೇ ಇಲ್ಲ. ಹೊಳಿ ನೋಡಿಲ್ಲ, ಗೋಪುರ ನೋಡಿಲ್ಲ. ನಿಮ್ಮ ಎದುರಿನ ಗ್ವಾಡಿಗೆ ಒಂದು ಪಟ ಹಚ್ಚ್ಯಾರಲ್ರಿ, ಅದನ್ನ ನೋಡಿ ಹೇಳೀನಿ. ತಪ್ಪಾತ್ರಿ.”

ನೀಲಗಂಗಾ ಮೆಲ್ಲಗೆ ಕೂತರು. ಅವರ ಮುಖ ನೋಡಲಾರದೆ ನಾನು ಪ್ರೊಜೆಕ್ಟರಿನ ವೈರು ಸರಿಮಾಡಿದೆ.

ಪರದೆಯ ಮೇಲೆ ಟ್ರೇನ್ ಬಂದು ನಿಂತು, ಬಾಗಿಲು ತೆರೆದು ಮುಚ್ಚಿ ಹೋಯಿತು. ಶಾಂತವ್ವ ಹತ್ತಿರಲಿಲ್ಲ. ಕ್ಯಾಮೆರಾ ನಿಧಾನವಾಗಿ ತಿರುಗಿ ಎದುರು ಗೋಡೆಯ ಪೋಸ್ಟರಿನ ಮೇಲೆ ನಿಂತಿತು. ಹೊಳೆ, ಗೋಪುರ, ರಸ್ತೆಗೆ ಮುಖ ಮಾಡಿದ ಕುರ್ಚಿಗಳು. ತುಂಬಾ ಹೊತ್ತು ಅಲ್ಲೇ ಇತ್ತು.

“ಹ್ಞೂಂ,” ಎಂದರು ಶಾಂತವ್ವ ಕೊನೆಗೆ. “ಈಗ ಏನ್ ಮಾಡ್ಲಿ ಹೇಳ್ರಿ.”

ಆಗ ನೋಡಬೇಕಿತ್ತು ಶಿವಬಸಪ್ಪನವರನ್ನು. “ಎಡಗಡೆ ಬೆಂಚೈತಿ. ಅದರ ನಡಕಿನ ಪಟ್ಟಿ ಮುರಿದೈತಿ, ಈ ತುದಿಗೆ ಕುಂದರ್ರಿ. ಅಲ್ಲಿಂದ ಎರಡೂ ಕಡೆ ಟ್ರೇನ್ ಕಾಣ್ತಾವ, ಅವರಿಗೂ ನೀವು ಕಾಣ್ತೀರಿ. ಬಾಜೂಕ ಕಾಫಿ ಮಷೀನ್ ಐತಿ. ಕಡೀ ಗುಂಡಿ ಒತ್ತಬ್ಯಾಡ್ರಿ, ಟೊಮೆಟೊ ಸಾರು ಬರ್ತೈತಿ. ಮ್ಯಾಲಿನ ಗಾಳಿ ತೂತಿಂದ ಥಣ್ಣಗ ಗಾಳಿ ಬಡೀತೈತಿ, ಸೆರಗು ಹೊಚ್ಚಿಕೋರಿ.” ಆ ಪಾತಾಳದ ಒಂದೊಂದು ಮೊಳೆಯೂ ಅವರಿಗೆ ಬಾಯಿಪಾಠವಾಗಿತ್ತು. ಅಂಗೈ ಗೆರೆ ಎಂದದ್ದು ಒಂದೇ ಸತ್ಯ.

ಶಾಂತವ್ವ ಬೆಂಚಿನ ಈ ತುದಿಗೆ ಕೂತರು. ಇನ್ನೊಂದು ಟ್ರೇನ್ ಬಂತು. ಸ್ವರೂಪ ಇಳಿದು, ತಾಯಿಯನ್ನು ಕಂಡು, ಬುತ್ತಿ ಚೀಲ ನೆಲಕ್ಕೆ ಹಾಕಿ ಅಲ್ಲೇ ಕುಕ್ಕರಿಸಿದ. ರೂಮಿನಲ್ಲಿ ಚಪ್ಪಾಳೆ ಬಿತ್ತು. ಲೈಬ್ರರಿಯ ಹುಡುಗಿ ಕಣ್ಣು ಒರೆಸಿಕೊಂಡಳು.

“ಕಂಡಕ್ಟರ್ ಸಿಕ್ಕನೇನಪಾ?” ಎಂದು ಶಾಂತವ್ವ ಮಗನನ್ನು ಕೇಳಿದ್ದು ನಮಗೆಲ್ಲ ಕೇಳಿಸಿತು.

ಇಲ್ಲಿಗೆ ಮುಗಿಯಬಹುದಿತ್ತು. ಚಪ್ಪಾಳೆ ನಿಂತ ಮೇಲೆ ಜನ ಒಬ್ಬೊಬ್ಬರಾಗಿ ಶಿವಬಸಪ್ಪನವರ ಕಡೆ ತಿರುಗತೊಡಗಿದರು. ನಂದನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದ. ಯಾರೋ “ದುಃಖದ ಬಣ್ಣ” ಎಂದು ಪಿಸುಗುಟ್ಟಿದರು. ಸಾಯುವವರೆಗೆ ಈ ಮನುಷ್ಯನಿಗೆ ನೋವೈನಲ್ಲಿ ಇದು ತಪ್ಪುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ನೀಲಗಂಗಾ ನೆಲ ನೋಡುತ್ತಾ ಸೆರಗಿನ ತುದಿ ಸುತ್ತುತ್ತಿದ್ದರು.

“ಅಳಿಯಾರ, ಎಷ್ಟ್ ಮಂದಿ ಅದಾರ ಅಲ್ಲೆ?” ಎಂದರು ಶಾಂತವ್ವ ಫೋನಿನಲ್ಲಿ.

“ಎಲ್ಲಾರೂ ಅದಾರ್ರಿ ಅತ್ತಿ. ಎಲ್ಲಾರೂ ಕೇಳಾಕತ್ತಾರ,” ಎಂದರು ಶಿವಬಸಪ್ಪನವರು, ಸತ್ತ ದನಿಯಲ್ಲಿ.

“ಹಂಗಾರ ಫೋನ್ ಇಡಬ್ಯಾಡ್ರಿ. ನಾ ಮ್ಯಾಲೆ ಹೋಗಿ ನೋಡ್ತೀನಿ.”

ಯೂನಿಫಾರ್ಮಿನವರು ಇವತ್ತೂ ದಾರಿಯಲ್ಲಿ ನಿಂತಿದ್ದರು. ಶಾಂತವ್ವ ಎಲೆ-ಅಡಿಕೆ ಸಂಚಿಯಿಂದ ಟಿಕೆಟ್ ತೆಗೆದು ಕೊಟ್ಟು, “ಶರಣ್ರಿ,” ಎಂದರು. ಅವರಲ್ಲೊಬ್ಬ ಟಿಕೆಟ್ ನೋಡಿ ವಾಪಸ್ ಕೊಟ್ಟು ತಲೆಬಾಗಿದ. ಎಸ್ಕಲೇಟರ್ ಮೇಲಕ್ಕೆ ಹೋಯಿತು. ಪರದೆ ಬೆಳ್ಳಗಾಯಿತು, ಆಮೇಲೆ ನಿಧಾನವಾಗಿ ಬಣ್ಣ ತಳೆಯಿತು. ಶಿವಬಸಪ್ಪನವರು ಒಂದು ದಿನವಿಡೀ ತಲುಪಲಾರದೆ ಹೋದ ಆ ಮೇಲಿನ ಲೋಕವನ್ನು ನೋಡಲು ನಾವೆಲ್ಲ ಕತ್ತು ಉದ್ದ ಮಾಡಿದೆವು.

ಒಂದು ಭಾರಿ ಪಾರ್ಕಿಂಗ್ ಲಾಟು. ಆಚೆ ತಗಡಿನ ಚಾವಣಿಯ ಸೂಪರ್ ಮಾರ್ಕೆಟ್ಟು, ಅದರ ಪಕ್ಕ ಹಾಸಿಗೆ ಅಂಗಡಿ, ಟೈರಿನ ಅಂಗಡಿ. ಒಬ್ಬ ತಳ್ಳುಗಾಡಿಗಳನ್ನು ಸಾಲಾಗಿ ಜೋಡಿಸುತ್ತಿದ್ದ. ನಮ್ಮ ನೋವೈ ರಸ್ತೆಯೇ ಬಂದು ಅಲ್ಲಿ ಮಲಗಿದ ಹಾಗಿತ್ತು.

ಫೋನನ್ನು ಕಿವಿಗೆ ಒತ್ತಿಕೊಂಡಿದ್ದ ಶಾಂತವ್ವನಿಗೆ, ತಾವು ನೋಡಿದ್ದನ್ನೆಲ್ಲ ನಾವೂ ನೋಡುತ್ತಿದ್ದೇವೆ ಎಂಬುದು ಕನಸಿನಲ್ಲೂ ಗೊತ್ತಿರಲಿಲ್ಲ. ಅವರು ಇಡೀ ಕನ್ನಡ ಕೂಟಕ್ಕೆ ಕೇಳುವ ಹಾಗೆ ದನಿ ಏರಿಸಿದರು.

“ಎಲ್ಲಾರೂ ಕೇಳ್ರೆಪಾ. ನಮ್ಮ ಅಳಿಯಾರು ಹೇಳಿದಂಗ ಐತಿ. ಒಂದಕ್ಷರಾ ಸುಳ್ಳಲ್ಲ. ಇಲ್ಲೇ ಕಣ್ಣೆದುರಿಗೆ ಹೊಳಿ ಐತಿ, ಎಂಥಾ ಹೊಳಿ ಅಂತೀರಿ. ಖುರ್ಚಿ ಎಲ್ಲಾ ರಸ್ತೆ ಕಡೆ ಮಾರಿ ಮಾಡ್ಯಾವ. ಪಾಪ, ದೊಡ್ಡ ಮನಷ್ಯಾರು, ನಾ ಹೆದರಬಾರ್ದು ಅಂತ ತಾವು ಬಂದಿಲ್ಲ ಅಂತ ಹೇಳಿದ್ರು.”

ಪರದೆಯ ಮೇಲೆ ತಳ್ಳುಗಾಡಿಯವನು ಮೂಗು ಒರೆಸಿಕೊಂಡ. ಒಬ್ಬರೂ ನಗಲಿಲ್ಲ. ನಂದನ್ ಬಾಯಿಯಿಂದ ಕೈ ತೆಗೆದ. ಭಾನು ಆಂಟಿ ಎದ್ದು ನಿಂತು ಫೋನಿನ ಹತ್ತಿರ ಬಂದರು.

“ನೀವು ಹೇಳ್ತಾ ಇದ್ರೆ ಕಣ್ಣಿಗೆ ಕಟ್ಟಿದ ಹಾಗಿದೆ ಅಮ್ಮ,” ಎಂದರು.

ನೀಲಗಂಗಾ ತಲೆ ಎತ್ತಿದರು. ಪಾರ್ಕಿಂಗ್ ಲಾಟನ್ನು ನೋಡಿದರು, ಗಂಡನನ್ನು ನೋಡಿದರು. “ಅವ್ವಾ, ಗೋಪುರ ದೊಡ್ಡದೈತೇನ?” ಎಂದು ಕೇಳಿದರು.

“ಭಾಳ ದೊಡ್ಡದೈತಿ. ಗಂಟಿ ಬಾರ್ಸಾಕತ್ತಾರ ಕೇಳು.”

ಸೂಪರ್ ಮಾರ್ಕೆಟ್ಟಿನ ಹಿಂದಿನಿಂದ ಒಂದು ಲಾರಿ ಪೀಂ ಪೀಂ ಎನ್ನುತ್ತಾ ರಿವರ್ಸ್ ಬರುತ್ತಿತ್ತು. ನಾವೆಲ್ಲ ಆ ಗಂಟೆಯನ್ನು ಬ್ಯಾಟರಿ ಮುಗಿಯುವವರೆಗೆ ಕೇಳಿದೆವು.

ಕಾಲ್ ಕಟ್ಟಾಗಿ ಫೋನು ತಾನೇ ತಾನಾಗಿ ಫೋಟೋಗಳಿಗೆ ವಾಪಸ್ ಬಂತು. ಉಳಿದಿದ್ದು ಕೊನೆಯ ಒಂದೇ ಸ್ಲೈಡು. ಪರದೆಯ ತುಂಬ ಕಸದ ಬುಟ್ಟಿ ಬಂದು ನಿಂತಿತು. ನಾನು ಮುಚ್ಚಲು ಹೋದೆ. ಶಿವಬಸಪ್ಪನವರು ನನ್ನ ಕೈ ಹಿಡಿದು ತಡೆದರು, ಮಫ್ಲರ್ ತೆಗೆದು ಹೆಂಡತಿಯ ಪಕ್ಕದ ಕುರ್ಚಿಗೆ ಹಾಕಿ ಬಂದರು, ಲೇಸರನ್ನು ಬುಟ್ಟಿಯ ಚೀಲದ ಮೇಲೆ ಬಿಟ್ಟರು.

“ಇದ್ರಾಗ ನನ್ನ ಟಿಕೆಟ್ ಐತ್ರಿ,” ಎಂದು ಭಾಷಣ ಶುರುಮಾಡಿದರು.